ಪಂಪಾ ತೀರದ ಮಗು, ಕೆರೆ ದಂಡೆಯ ಮಕ್ಕಳು



ಮಾಲೆ ಧರಿಸಿದ ಎಲ್ಲ ತರುಣ ಸ್ವಾಮಿಗಳಿಗೂ ಶಹಾಡ್‌ನಿಂದ ಶರಣು. ಇವತ್ತು ಸ್ನಾನದ ವಿಷಯ ಬರೆಯುತ್ತೇನೆ.

ಪಂದಳದ ರಾಜಶೇಖರ ಮಹಾರಾಜರು ಬೇಟೆಗೆ ಹೋದಾಗ ಪಂಪಾ ತೀರದಲ್ಲಿ ಮಗುವಿನ ಅಳು ಕೇಳಿತು. ನಿಂತರು, ಹುಡುಕಿದರು, ಎತ್ತಿಕೊಂಡರು. ಆ ಮಗುವೇ ನಮ್ಮ ಮಣಿಕಂಠ. ಆದರೆ ಸ್ವಾಮಿ, ನೀರಿನಲ್ಲಿ ಮುಳುಗುವ ಮಗು ಅಳುವುದಿಲ್ಲ. ಕೂಗಲು ಅದಕ್ಕೆ ಉಸಿರೇ ಇರುವುದಿಲ್ಲ. ದಂಡೆಯ ಮೇಲಿದ್ದವರು ಕಣ್ಣಿಟ್ಟು ನೋಡುತ್ತಿದ್ದರಷ್ಟೇ ಗೊತ್ತಾಗುತ್ತದೆ.

2023ರ ಡಿಸೆಂಬರ್‌ನಲ್ಲಿ, ನಾವೆಲ್ಲ ಮಂಡಲ ವ್ರತದಲ್ಲಿದ್ದಾಗ, ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಘಾಳಪೂಜಿಯಲ್ಲಿ ಕೆರೆಗೆ ಇಳಿದ ಇಬ್ಬರು ಬಾಲಕರು ತೀರಿಕೊಂಡರು. ಉಪ್ಪಿನಲ್ಲಿ ಮುಚ್ಚಿಟ್ಟರೆ ಜೀವ ಮರಳುತ್ತದೆ ಎಂಬ ಮೊಬೈಲ್ ಸಂದೇಶ ನಂಬಿ ಮನೆಯವರು ಮಕ್ಕಳನ್ನು ಉಪ್ಪಿನ ರಾಶಿಯಲ್ಲಿ ಮಲಗಿಸಿ ಗಂಟೆಗಟ್ಟಲೆ ಕಾದರು. 2022ರಲ್ಲಿ ಬಳ್ಳಾರಿ ಬಳಿಯ ಸಿರವಾರದಲ್ಲೂ ಹೀಗೇ ಆಗಿತ್ತು. ಆ ತಂದೆತಾಯಿಯರನ್ನು ದಡ್ಡರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಹೆತ್ತ ಕರುಳು ಯಾವುದನ್ನೂ ಬಿಡುವುದಿಲ್ಲ. ತಪ್ಪು ಆ ಸಂದೇಶವನ್ನು ಮುಂದೆ ಕಳಿಸಿದ ಕೈಗಳದ್ದು. ನಮ್ಮ ಗುಂಪಿಗೆ ಅದು ಬಂದರೆ ಅಲ್ಲೇ ಅಳಿಸಿ.

ಉಪ್ಪು ಚರ್ಮದ ಹೊರಗೆ ಕೂರುತ್ತದೆ. ಶ್ವಾಸಕೋಶದ ನೀರನ್ನು ಎಳೆಯುವುದಿಲ್ಲ. ಮುಳುಗಿದವನಿಗೆ ಬೇಕಾಗಿರುವುದು ಉಸಿರು. ಉಸಿರು ನಿಂತ ಕೆಲವೇ ನಿಮಿಷಗಳಲ್ಲಿ ಮಿದುಳು ಕೆಡತೊಡಗುತ್ತದೆ. ಹೊಟ್ಟೆ ಒತ್ತಬೇಡಿ, ತಲೆಕೆಳಗಾಗಿ ಹಿಡಿಯಬೇಡಿ. ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಉಸಿರು ಊದಲಿ. ನಂತರ ಎದೆಯ ನಡುವೆ 30 ಸಲ ಜೋರಾಗಿ ಒತ್ತಿ 2 ಉಸಿರು ಕೊಡಬೇಕು. ಸಹಾಯ ಬರುವವರೆಗೂ ಅದೇ. ವ್ರತದಲ್ಲಿದ್ದೇನೆ, ಮುಟ್ಟಬಹುದೇ ಎಂದು ಒಬ್ಬ ಹುಡುಗ ಕೇಳಿದ. ಎದುರಿನವರಲ್ಲಿ ಸ್ವಾಮಿಯನ್ನು ಕಾಣುವುದಕ್ಕೇ ಅಲ್ಲವೇ, ಒಬ್ಬರನ್ನೊಬ್ಬರು ಸ್ವಾಮಿ ಎನ್ನುವುದು?

ಇನ್ನು ನಮ್ಮ ಉಲ್ಲಾಸ್ ನದಿ. ದಿನಕ್ಕೆರಡು ಸಲ ತಣ್ಣೀರು ಸ್ನಾನ ನಿಯಮ. ಅದು ನದಿಯಲ್ಲೇ ಆಗಬೇಕೆಂದಿಲ್ಲ. ಬೆಳಗಿನ ಕತ್ತಲಲ್ಲಿ ಜಲಪರ್ಣಿ ಮುಚ್ಚಿದ ನೀರಿಗೆ ಇಳಿಯುವುದಕ್ಕಿಂತ ಚಾಳಿನ ನಲ್ಲಿಯೇ ಸಾಕು. ಶರಣು ಕೂಗಿ ಒಂದು ಬಕೆಟ್ ಸುರಿದುಕೊಂಡರೂ ಚಳಿ ಅಷ್ಟೇ ಇರುತ್ತದೆ!

ಪಂಪೆಯಲ್ಲಿ ಜೋಡಿಯಾಗಿಯೇ ಇಳಿಯಿರಿ. ಸೊಂಟದ ನೀರು ದಾಟಬೇಡಿ. ಕನ್ನಿಸ್ವಾಮಿಗಳು ನೀರಿನಲ್ಲಿರುವಾಗ ಒಬ್ಬ ಹಳೆಯ ಸ್ವಾಮಿ ಫೋನ್ ಜೇಬಿಗಿಟ್ಟು ದಂಡೆಯಲ್ಲೇ ನಿಲ್ಲಲಿ; ಅವರ ಸ್ನಾನ ಆಮೇಲೆ. ಯಾರಾದರೂ ಜಾರಿದರೆ ಹಿಂದೆಯೇ ಹಾರಬೇಡಿ. ಮುಳುಗುವವನು ಕೈಗೆ ಸಿಕ್ಕವರನ್ನೂ ಒಳಗೆಳೆಯುತ್ತಾನೆ. ಎರಡು ಕಪ್ಪು ಪಂಚೆ ಗಂಟು ಹಾಕಿ ಎಸೆಯಿರಿ, ದಂಡೆಯಲ್ಲಿ ಮಲಗಿ ಎಳೆಯಿರಿ.

ಇರುಮುಡಿ ಕಟ್ಟುವ ದಿನ ಪ್ರತಿ ತಂಡದಿಂದ ಇಬ್ಬರು ಒಂದು ಗಂಟೆ ಮೊದಲೇ ಬನ್ನಿ. ಪಂಚೆ ಗಂಟು ಹಾಕುವುದನ್ನೂ ಎದೆ ಒತ್ತುವುದನ್ನೂ ದಿಂಬಿನ ಮೇಲೆ ಮಾಡಿ ನೋಡೋಣ.

ಸ್ವಾಮಿ ಶರಣಂ.