ಒಂಬತ್ತನೇ ನಿಮಿಷದ ಉತ್ತರ

ಕಳೆದ ವಾರ ಒಂದು ರಾತ್ರಿ ದೀಪ ಆರಿಸಿ ಮಲಗಿದ ಮೇಲೂ ಒಂದು ಗಂಟೆಯವರೆಗೆ ಮೊಬೈಲ್ ಹಿಡಿದಿದ್ದೆ. ಕಾರಣ ಹೇಳಲು ನಾಚಿಕೆ: ಒಂದು ಯೂಟ್ಯೂಬ್ ವಿಡಿಯೋ. ‘ಹೊಸೂರು ಏರ್‌ಪೋರ್ಟ್: ಈ ಊರಿನವರಿಗೆ ಬಂಪರ್!’ ಪಕ್ಕದಲ್ಲಿ ಕೆಂಪು ಬಾಣ, ಬಾಯಿ ತೆರೆದ ಮುಖ, ಒಂದು ವಿಮಾನ. ಹೊಸೂರಿನವನ ಬೆರಳು ಅದನ್ನು ದಾಟಿ ಹೋದೀತೇ? ಒತ್ತಿದೆ. ಒಂಬತ್ತನೇ ನಿಮಿಷಕ್ಕೆ ಉತ್ತರ ಬಂತು: ‘ಯಾವ ಊರು ಎಂದು ಕಾದು ನೋಡಬೇಕಿದೆ.’

ಕ್ಲಿಕ್‌ಬೈಟ್, ಅಂದರೆ ಒತ್ತಿಸುವ ಗಾಳ, ಇದೇ. ಕೃಷ್ಣಗಿರಿ ಡ್ಯಾಮಿಗೆ ಮೀನು ತಿನ್ನಲು ಹೋಗುವ ನಮಗೆ ಗಾಳ ಹೊಸದಲ್ಲ. ಅಲ್ಲಿ ಮೀನಿಗೆ ಹುಳವಾದರೂ ಸಿಗುತ್ತದೆ, ನನಗೆ ಅದೂ ಇಲ್ಲ. ವಿಡಿಯೋ ಎಂಟು ನಿಮಿಷ ದಾಟಿದರೆ ಯೂಟ್ಯೂಬಿನಲ್ಲಿ ನಡುನಡುವೆ ಜಾಹೀರಾತು ಹಾಕಬಹುದು. ಉತ್ತರ ಒಂಬತ್ತನೇ ನಿಮಿಷದವರೆಗೆ ಯಾಕೆ ಅವಿತಿತ್ತು ಅಂತ ಈಗ ಗೊತ್ತಾಯಿತಲ್ಲ?

ಇದ್ದ ಸುದ್ದಿ ಇಷ್ಟೇ. 2024ರ ಜೂನ್ 27ರಂದು ತಮಿಳುನಾಡು ಮುಖ್ಯಮಂತ್ರಿ ಸ್ಟಾಲಿನ್ ವಿಧಾನಸಭೆಯಲ್ಲಿ, ಹೊಸೂರಿನಲ್ಲಿ 2000 ಎಕರೆಯಲ್ಲಿ, ವರ್ಷಕ್ಕೆ 3 ಕೋಟಿ ಜನ ಓಡಾಡುವಂಥ ವಿಮಾನ ನಿಲ್ದಾಣ ಕಟ್ಟುವುದಾಗಿ ಹೇಳಿದರು. ಬೆಂಗಳೂರು ನಿಲ್ದಾಣದ ಒಪ್ಪಂದದ ಪ್ರಕಾರ, ಮೈಸೂರು, ಹಾಸನ ಬಿಟ್ಟರೆ 150 ಕಿಲೋಮೀಟರ್ ಒಳಗೆ 2033ರವರೆಗೆ ಇನ್ನೊಂದಕ್ಕೆ ತಡೆಯಿದೆ. ಈ ಎರಡನೇ ಮಾತನ್ನು ಯಾವ ಕೆಂಪು ಬಾಣವೂ ತೋರಿಸಲಿಲ್ಲ.

ತೋರಿಸಿದ್ದರೆ ಚಿಕ್ಕಪ್ಪ ಬಚಾವಾಗುತ್ತಿದ್ದರು. ಇಂಥದೇ ಒಂದು ವಿಡಿಯೋವನ್ನು ಪೂರ್ತಿ ನೋಡದೆ ಅವರಿಗೆ ಕಳಿಸಿದ್ದೆ. ಹೊಸೂರಿಗೆ ಹತ್ತಿರದ ಬಾಗಲೂರು ಕಡೆ ಅವರದು ಇಪ್ಪತ್ತು ಸೆಂಟ್ ಜಾಗ. ಮಗಳ ಮದುವೆಗೆಂದು ಮಾರಲು ಮಾತು ಮುಗಿದಿತ್ತು. ‘ಏರ್‌ಪೋರ್ಟ್ ಬರ್ಲಿ, ಆಮೇಲೆ ನೋಡೋಣ’ ಎಂದು ಕೊಳ್ಳುವವನನ್ನು ವಾಪಸ್ ಕಳಿಸಿದರು. ಚಿಕ್ಕಮ್ಮನ ಬಳೆ, ಸರ ಗಿರವಿಗೆ ಹೋದವು. ಮದುವೆ ಮನೆಯಲ್ಲಿ ಚಿಕ್ಕಮ್ಮ ಗಾಜಿನ ಬಳೆ ತುಂಬಿಕೊಂಡು ಓಡಾಡುತ್ತಿದ್ದರು. ನನಗೆ ಒಂದು ಮಾತೂ ಅನ್ನಲಿಲ್ಲ. ಹೋಳಿಗೆ ಬಡಿಸುವಾಗ ‘ಇನ್ನೊಂದು ಹಾಕ್ಲಾ?’ ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟಾದರೂ ಕಳೆದ ವಾರ ಮತ್ತೆ ಒತ್ತಿದೆನಲ್ಲ, ಈ ಬೆರಳಿಗೆ ಏನನ್ನಬೇಕು?

ಆಮೇಲೆ ಗಮನಿಸಿದೆ: ಕನ್ನಡದಲ್ಲಿ ಈ ಗಾಳದ ಕೊಕ್ಕೆ ‘ಈ’ ಅನ್ನುವ ಒಂದಕ್ಷರ. ಈ ಊರು, ಈ ನಟಿ, ಈ ಹಣ್ಣು. ಎದುರಿಗಿರುವುದನ್ನು ಬೆರಳು ಮಾಡಿ ತೋರಿಸಲು ಇರುವ ಪದ ಇಲ್ಲಿ ಹೆಸರು ಮುಚ್ಚಿಡುವುದಕ್ಕೆ ಬಳಕೆಯಾಗುತ್ತದೆ. ಸುದ್ದಿ ಇದ್ದವನು ಊರಿನ ಹೆಸರು ಹೇಳುತ್ತಾನಪ್ಪ! ರಾಗಿ ಬಲಿಯುವ ಹೊತ್ತಿಗೆ ಜವಳಗಿರಿ ಕಾಡಿನ ಆನೆಗಳು ಹೊಲಕ್ಕೆ ಬಂದರೆ, ಕಾವಲು ಕಾಯುವ ರೈತನಿಗೆ ಬೇಕಾದದ್ದು ಯಾವ ಊರು, ಎಷ್ಟು ಆನೆ ಅನ್ನುವುದು. ‘ಮುಂದೇನಾಯ್ತು ನೋಡಿ’ ಅಲ್ಲ.

ಹಾಗಾಗಿ ‘ಈ’ ಕಂಡರೆ ಕೈ ಹಿಂದಕ್ಕೆ. ಕೊನೆವರೆಗೆ ನೋಡದ್ದನ್ನು ಯಾರಿಗೂ ಕಳಿಸುವುದಿಲ್ಲ. ಜಮೀನು, ಔಷಧಿಯ ವಿಷಯವಾದರೆ ನೋಡಿದರೂ ಇಲ್ಲ. ರಾತ್ರಿ ಮೊಬೈಲ್ ಅಡುಗೆಮನೆಯಲ್ಲಿ, ರಾಗಿಹಿಟ್ಟಿನ ಡಬ್ಬಿಯ ಪಕ್ಕ. ನಾಲ್ಕು ದಿನ ನಡೆದಿದೆ, ಒಂದು ದಿನ ತಪ್ಪಿದೆ.

ನಿನ್ನೆ ಚಿಕ್ಕಪ್ಪನ ಫೋನ್. ‘ಏನೋ, ಏರ್‌ಪೋರ್ಟ್‌ದು ಹೊಸದೇನಾದ್ರೂ ಬಂತಾ?’

‘ಇಲ್ಲ ಚಿಕ್ಕಪ್ಪ. ಬಂದ್ರೂ ಕಳಿಸಲ್ಲ.’

‘ನಂಗೊಂದು ಬಂದೈತೆ. ಕಳಿಸ್ತೀನಿ, ನೋಡು.’