ಹರಿವು ಕುಗ್ಗಿದಾಗ ಯಾವುದು ಕಾರಣ?

ಒಂದು ಕಾರ್ಯಕ್ಕೆ ಹಲವು ಕಾರಣಗಳು ಸಾಧ್ಯವಿರುವಾಗ ‘ಇದೇ ಕಾರಣ’ ಎಂದು ಬೆರಳಿಟ್ಟು ಹೇಳುವ ಅಧಿಕಾರ ನಮಗೆ ಯಾವಾಗ ಬರುತ್ತದೆ? ದರ್ಶನಶಾಸ್ತ್ರದ ಈ ಹಳೆಯ ಪ್ರಶ್ನೆಯನ್ನು ಒರೆಗೆ ಹಚ್ಚಲು ಮನೆಯಲ್ಲೇ ಬಿಯರ್ ತಯಾರಿಸುವ ಅಮೆರಿಕದ ಹವ್ಯಾಸಿಗಳ ಸಲಕರಣೆ ಸಾಕು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಮಾಡಿದ ಕಾಯ್ದೆಯೊಂದು ಸ್ವಂತ ಬಳಕೆಯ ಬಿಯರನ್ನು ಕೇಂದ್ರದ ತೆರಿಗೆಯಿಂದ ಬಿಡಿಸಿದ ಮೇಲೆ ಅಲ್ಲಿ ಈ ಹವ್ಯಾಸ ಹಬ್ಬಿತು. ತಂಪು ಪಾನೀಯದ ಕಂಪನಿಗಳು ಬಳಸಿ ಬಿಟ್ಟ, ಸುಮಾರು 19 ಲೀಟರ್ ಹಿಡಿಯುವ ಸ್ಟೀಲ್ ಕೆಗ್‌ಗಳು ಅದಕ್ಕೆ ಒದಗಿಬಂದವು. ಸಿಲಿಂಡರಿನ ಕಾರ್ಬನ್ ಡೈಆಕ್ಸೈಡ್ ರೆಗ್ಯುಲೇಟರ್ ದಾಟಿ ಕೆಗ್ಗಿನ ಮೇಲ್ಭಾಗಕ್ಕೆ ಬಂದು ಬಿಯರನ್ನು ಒತ್ತುತ್ತದೆ. ಬಿಯರು ತಳ ಮುಟ್ಟುವ ಕೊಳವೆಯಲ್ಲಿ ಮೇಲೇರಿ, ಸ್ಪ್ರಿಂಗಿನ ಪುಟ್ಟ ಕವಾಟವನ್ನೂ ಸುಮಾರು 5 ಮಿಲಿಮೀಟರ್ ಒಳವ್ಯಾಸದ ಪೈಪನ್ನೂ ಹಾದು ನಲ್ಲಿಗೆ ಬರುತ್ತದೆ. ಹತ್ತು ಸೆಕೆಂಡಿಗೆ ತುಂಬಬೇಕಾದ ಗ್ಲಾಸು ಒಂದು ನಿಮಿಷ ಹಿಡಿದರೆ ಈ ದಾರಿಯಲ್ಲಿ ಎಲ್ಲೋ ಏನೋ ಕೆಟ್ಟಿದೆ. ಸಿಲಿಂಡರ್ ಬರಿದಾಗಿರಬಹುದು, ಮುಚ್ಚಳದ ರಬ್ಬರ್ ಉಂಗುರದಲ್ಲಿ ಅನಿಲ ಸೋರುತ್ತಿರಬಹುದು, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಚೂರು ಕವಾಟದಲ್ಲಿ ಸಿಕ್ಕಿರಬಹುದು, ಪೈಪು ಮಡಿಚಿಕೊಂಡಿರಬಹುದು, ಒಳಗೆ ಮಂಜುಗಡ್ಡೆ ಕಟ್ಟಿರಬಹುದು, ಅಥವಾ ಪೈಪೇ ಅಗತ್ಯಕ್ಕಿಂತ ಉದ್ದವಿರಬಹುದು. ಕಾರ್ಯ ಒಂದು, ಕಾರಣ ಆರು.

1843ರಲ್ಲಿ ಹೊರಬಂದ ತನ್ನ ತರ್ಕಗ್ರಂಥದಲ್ಲಿ ಜಾನ್ ಸ್ಟೂವರ್ಟ್ ಮಿಲ್ ಇಲ್ಲಿ ಎರಡು ತೊಡಕುಗಳನ್ನು ತೋರಿಸಿದ. ಒಂದೇ ಕಾರ್ಯ ಬೇರೆ ಬೇರೆ ಸಲ ಬೇರೆ ಬೇರೆ ಕಾರಣಗಳಿಂದ ಹುಟ್ಟಬಹುದು. ಅದಕ್ಕಿಂತ ದೊಡ್ಡ ತೊಡಕೆಂದರೆ, ಕಟ್ಟುನಿಟ್ಟಾಗಿ ನೋಡಿದರೆ ಎಲ್ಲ ನಿಬಂಧನೆಗಳ ಮೊತ್ತವೇ ಕಾರಣ. ಅದರಲ್ಲಿ ಒಂದನ್ನು ಆರಿಸಿ ‘ಕಾರಣ’ ಎನ್ನುವುದು ನಮ್ಮ ಅನುಕೂಲ. ಇದನ್ನು ತಳ್ಳಿಹಾಕಲಾಗದು. ಹತ್ತಡಿ ಪೈಪಿಗೆ 12 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದಲ್ಲಿ ಹರಿವು ಸರಿಯಿದ್ದು, 6ಕ್ಕೆ ಇಳಿಸಿದಾಗ ಕುಗ್ಗಿದರೆ ತಪ್ಪು ಪೈಪಿನದೋ ಒತ್ತಡದ್ದೋ? ಎರಡರ ಹೊಂದಾಣಿಕೆಯದು. ಆದರೆ ಇಷ್ಟರಿಂದ ಕಾರಣವೆಂಬುದು ಬರೀ ನಮ್ಮ ಮಾತು ಎಂದು ತೀರ್ಮಾನಿಸುವುದು ಅವಸರ. ಯಾವುದರ ಬಗ್ಗೆ ಕೇಳಬೇಕು ಎಂಬುದು ನಮ್ಮ ಆಯ್ಕೆ, ನಿಜ. ಉಳಿದದ್ದೆಲ್ಲ ಹಾಗೆಯೇ ಇದ್ದು ಇದೊಂದು ಬದಲಾದರೆ ಹರಿವು ಬದಲಾಗುತ್ತದೆಯೇ ಎಂಬುದಕ್ಕೆ ಉತ್ತರ ಕೊಡುವುದು ನಾವಲ್ಲ, ವಸ್ತು. ಕಾರಣದ ಮಾತಿಗೆ ಬೆಲೆ ಬರುವುದು ವಸ್ತು ಕೊಡುವ ಈ ಉತ್ತರದಿಂದ.

ನ್ಯಾಯದರ್ಶನದ ತಾರ್ಕಿಕರಾದ ನಮ್ಮ ನೈಯಾಯಿಕರು ಇದೇ ಸಮಸ್ಯೆಯನ್ನು ಹರಿಯುವ ನೀರಿನ ಉದಾಹರಣೆಯಲ್ಲೇ ಚರ್ಚಿಸಿದ್ದಾರೆ. ನದಿ ಉಕ್ಕಿದ್ದನ್ನು ಕಂಡು ಮೇಲೆಲ್ಲೋ ಮಳೆಯಾಗಿದೆ ಎಂದು ಊಹಿಸುವುದು ಕಾರ್ಯದಿಂದ ಕಾರಣಕ್ಕೆ ಹೋಗುವ ಅನುಮಾನ. ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಪೂರ್ವಪಕ್ಷಿ, ಅಂದರೆ ಎದುರುವಾದಿ, ಇದನ್ನು ತಡೆಯುತ್ತಾನೆ: ಹರಿವಿಗೆ ಅಡ್ಡಿಯಾದರೂ ನದಿ ಉಕ್ಕುತ್ತದಲ್ಲ, ಹಾಗಾದರೆ ಅನುಮಾನವನ್ನು ಪ್ರಮಾಣವೆಂದು, ಅಂದರೆ ಸರಿಯಾದ ಜ್ಞಾನದ ಸಾಧನವೆಂದು, ನಂಬುವುದು ಹೇಗೆ? ಸಿದ್ಧಾಂತಿಯ ಉತ್ತರ, ಆ ಉಕ್ಕು ಬೇರೆ, ಈ ಉಕ್ಕು ಬೇರೆ. ಮಳೆಯ ಪ್ರವಾಹಕ್ಕೆ ಸೆಳೆತ ಹೆಚ್ಚು. ನೊರೆ, ಹಣ್ಣು, ಎಲೆ, ಕಟ್ಟಿಗೆ ಅದರ ಜತೆ ತೇಲಿಬರುತ್ತವೆ ಎಂದು ಭಾಷ್ಯಕಾರ ವಾತ್ಸ್ಯಾಯನ ವಿವರಿಸುತ್ತಾನೆ. ಅಂದರೆ ಒಂದೇ ಕಾರ್ಯಕ್ಕೆ ಅನೇಕ ಕಾರಣ ಎಂದು ನಮಗೆ ತೋರುವುದು ಕಾರ್ಯವನ್ನು ಮೇಲುಮೇಲೆ ನೋಡಿದಾಗ ಮಾತ್ರ. ಕೆಗ್ಗಿನಲ್ಲೂ ಹೀಗೆಯೇ. ಹಾಪ್ಸ್ ಸಿಕ್ಕಿಕೊಂಡರೆ ಬಿಯರು ಸಾಮಾನ್ಯವಾಗಿ ತಡೆತಡೆದು, ನೊರೆ ಉಗುಳುತ್ತ ಬರುತ್ತದೆ; ಅಡ್ಡಿಯನ್ನು ದಾಟುವಾಗ ಒತ್ತಡ ಥಟ್ಟನೆ ಇಳಿದು ಕರಗಿದ ಅನಿಲ ಹೊರಬರುವುದೇ ಇದಕ್ಕೆ ಮೂಲ. ಪೈಪು ತೀರ ಉದ್ದವಾಗಿದ್ದರೆ ಜೋಡಿಸಿದ ದಿನದಿಂದಲೂ ಒಂದೇ ಸಮನಾದ ನಿಧಾನ. ಮಂಜುಗಡ್ಡೆಯಾದರೆ ಫ್ರಿಜ್ಜಿನ ಉಷ್ಣತೆ ಇಳಿದ ಮೇಲೆ ಶುರುವಾದ ತೊಂದರೆ.

ಆದರೆ ನೋಟ ಎಷ್ಟೇ ಸೂಕ್ಷ್ಮವಾದರೂ ಲಕ್ಷಣಗಳು ಮೋಸಮಾಡಬಲ್ಲವು. ಸಿಲಿಂಡರಿನ ಮೀಟರನ್ನೇ ನೋಡಿ. ಒಳಗೆ ಕಾರ್ಬನ್ ಡೈಆಕ್ಸೈಡ್ ದ್ರವರೂಪದಲ್ಲಿ ಇರುವತನಕ ಅದರ ಮುಳ್ಳು ತೋರಿಸುವುದು ಉಳಿದ ಪ್ರಮಾಣವನ್ನಲ್ಲ, ಉಷ್ಣತೆಯನ್ನು. 21 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು 800 ಪಿಎಸ್‌ಐಗಿಂತ ತುಸು ಮೇಲೆ ನಿಂತಿರುತ್ತದೆ, ಸಿಲಿಂಡರ್ ತುಂಬಿದ್ದರೂ ಅಷ್ಟೇ, ಬಹುಪಾಲು ಮುಗಿದಿದ್ದರೂ ಅಷ್ಟೇ. ಸಿಲಿಂಡರನ್ನು ಫ್ರಿಜ್ಜಿನೊಳಗಿಟ್ಟರೆ ಒಂದು ಗ್ರಾಂ ಖರ್ಚಾಗದೆಯೂ ಮುಳ್ಳು ಇಳಿಯುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ತೂಗಿಯೇ ನೋಡಬೇಕು. ಹಾಗಾಗಿ ನೋಟದ ಜತೆ ಕೈಯೂ ಕೆಲಸಮಾಡಬೇಕು. ಅನ್ವಯ–ವ್ಯತಿರೇಕ (ಕಾರಣವಿದ್ದರೆ ಕಾರ್ಯವುಂಟು, ಇಲ್ಲದಿದ್ದರೆ ಇಲ್ಲ) ಎಂದು ಶಾಸ್ತ್ರ ಹೇಳುವುದನ್ನು ಇಲ್ಲಿ ಮಾಡಿಯೇ ನೋಡಬಹುದು. ಮುಚ್ಚಳದ ಸುರಕ್ಷಾ ಕವಾಟವನ್ನು ಎತ್ತಿದಾಗ ಅನಿಲ ಜೋರಾಗಿ ನುಗ್ಗಿ, ಬಿಟ್ಟೊಡನೆ ಒತ್ತಡ ಮತ್ತೆ ತುಂಬಿಕೊಂಡರೆ ಅನಿಲದ ಕಡೆ ದಾರಿ ತೆರೆದಿದೆ. ಅದೇ ಪೈಪು, ಅದೇ ನಲ್ಲಿಯನ್ನು ಅದೇ ಒತ್ತಡದ ಇನ್ನೊಂದು ಕೆಗ್ಗಿಗೆ ಹಾಕಿದಾಗ ಹರಿವು ಸರಿಯಾದರೆ ದೋಷ ಮೊದಲ ಕೆಗ್ಗಿನೊಳಗಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬ ನಿಯಮದ ಅರ್ಥ ಇಷ್ಟೇ: ಎರಡನ್ನು ಒಟ್ಟಿಗೆ ಬದಲಿಸಿದವನಿಗೆ ಬಿಯರು ಸಿಗಬಹುದು, ಕಾರಣ ಸಿಗದು.

ಇದಕ್ಕೊಂದು ಆಕ್ಷೇಪವುಂಟು. ಪರಿಹಾರ ಸಿಕ್ಕಿತೆಂದರೆ ಕಾರಣ ಸಿಕ್ಕಂತಲ್ಲ. ಕವಾಟ ಕಟ್ಟಿಕೊಂಡಿದ್ದರೂ ಒತ್ತಡ ಏರಿಸಿದರೆ ಹರಿವು ಹೆಚ್ಚುತ್ತದೆ. ಮಾತು ಸರಿ. ಆದರೆ ಒಂದು ಕಾರಣವನ್ನು ಒಪ್ಪಿದವನು ಅದರಿಂದ ಹೊರಡುವ ಎಲ್ಲ ಪರಿಣಾಮಗಳನ್ನೂ ಒಪ್ಪಬೇಕಾಗುತ್ತದೆ. ಒತ್ತಡ ನಿಜಕ್ಕೂ ಕಡಿಮೆಯಿದ್ದಿದ್ದರೆ ಏರಿಸಿದ ಮೇಲೆ ಎಲ್ಲವೂ ಸಮಸ್ಥಿತಿಗೆ ಬರಬೇಕಿತ್ತು. ಅದರ ಬದಲು ಕೆಲವು ದಿನಗಳಲ್ಲಿ ಬಿಯರು ಹೆಚ್ಚುವರಿ ಅನಿಲ ಹೀರಿ ಗ್ಲಾಸಿನ ತುಂಬ ನೊರೆಯಾಗುತ್ತದೆ. ಇಂಥ ತಪ್ಪನ್ನು ಬಯಲುಮಾಡುವುದೂ ಮತ್ತೊಂದು ಪರೀಕ್ಷೆಯೇ. ಆದ್ದರಿಂದ ಆಕ್ಷೇಪ ಈ ವಿಧಾನವನ್ನು ಮುರಿಯುವುದಿಲ್ಲ, ಇನ್ನಷ್ಟು ದೂರ ಒಯ್ಯಲು ಹೇಳುತ್ತದೆ.

ಪ್ರತ್ಯಕ್ಷವನ್ನಷ್ಟೇ ಪ್ರಮಾಣವೆಂದು ಒಪ್ಪುವ ಚಾರ್ವಾಕರ ಆಕ್ಷೇಪ ಇನ್ನೂ ಆಳದ್ದು. ನೀವು ಕಾಣದ ಉಪಾಧಿಯೊಂದು, ಅಂದರೆ ನಿಬಂಧನೆಯೊಂದು, ಎಲ್ಲೋ ಅಡಗಿರಬಹುದು. ಎಲ್ಲವನ್ನೂ ಪರೀಕ್ಷಿಸಿದ್ದೇವೆ ಎಂದು ಯಾರೂ ಹೇಳಲಾರರು. ಹತ್ತನೆಯ ಶತಮಾನದ ಉದಯನನು ನ್ಯಾಯಕುಸುಮಾಂಜಲಿಯಲ್ಲಿ ಕೊಟ್ಟ ಉತ್ತರವನ್ನು ನಾನು ಒಪ್ಪುತ್ತೇನೆ: ನಮ್ಮ ನಡೆಯನ್ನೇ ಅಲ್ಲಗಳೆಯುವ ಹಂತಕ್ಕೆ ಬಂದಾಗ ಸಂಶಯ ನಿಲ್ಲಬೇಕು. ಕವಾಟ ಬಿಚ್ಚಿ ತೊಳೆದು ಮತ್ತೆ ಹಾಕಿ, ಹರಿವು ಸರಿಯಾದದ್ದನ್ನು ಕಂಡು, ಮುಂದಿನ ಸಲವೂ ಮೊದಲು ಕವಾಟವನ್ನೇ ಬಿಚ್ಚುವವನು ಅದು ಕಾರಣವೋ ಅಲ್ಲವೋ ತಿಳಿಯದು ಎಂದರೆ ಅವನ ಕೈ ಅವನ ಮಾತನ್ನು ಒಪ್ಪುತ್ತಿಲ್ಲ. ತಪ್ಪಲಾಗದ ಜ್ಞಾನ ಇದಲ್ಲ, ತಿದ್ದಿಕೊಳ್ಳಬಲ್ಲ ಜ್ಞಾನ. ಲೋಕವ್ಯವಹಾರಕ್ಕೆ ಅಷ್ಟು ಬೇಕು, ಅಷ್ಟು ಸಾಕು.

ಧರ್ಮದ ಪ್ರಶ್ನೆ ಬರುವುದು ಇಲ್ಲಿ. ಯಾವುದಾದರೂ ಕೆಟ್ಟಾಗ ದೈವೇಚ್ಛೆ, ಕರ್ಮಫಲ ಎನ್ನುವುದು ವಾಡಿಕೆ. ನೈಯಾಯಿಕರು ಆಸ್ತಿಕರು, ಈಶ್ವರ, ಕಾಲ, ಅದೃಷ್ಟ (ಹಿಂದಿನ ಕರ್ಮದ ಕಾಣದ ಫಲ) ಇವೆಲ್ಲ ಪ್ರತಿಯೊಂದು ಕಾರ್ಯಕ್ಕೂ ಕಾರಣಗಳೆಂದು ಅವರು ಒಪ್ಪಿದ್ದರು. ಆದರೆ ಅವನ್ನು ಸಾಧಾರಣ ಕಾರಣಗಳೆಂದು ಕರೆದು ಅಸಾಧಾರಣ ಕಾರಣದಿಂದ ಬೇರೆಯಿಟ್ಟರು. ಚೆನ್ನಾಗಿ ಹರಿಯುವ ನಲ್ಲಿಗೂ ಕಟ್ಟಿಕೊಂಡ ನಲ್ಲಿಗೂ ಸಮಾನವಾದದ್ದು ಅವೆರಡರ ವ್ಯತ್ಯಾಸವನ್ನು ವಿವರಿಸಲಾರದು. ಈ ವಿಭಾಗ ನಂಬಿಕೆಗೆ ಧಕ್ಕೆ ತರುವುದಿಲ್ಲ, ಅದರ ಜಾಗವನ್ನು ಗುರುತಿಸುತ್ತದೆ. ಲೋಕವೇಕೆ ಇದೆ ಎಂದು ಕೇಳುವವನಿಗೆ ಸಾಧಾರಣ ಕಾರಣ ಉತ್ತರವಾದೀತು. ಈ ರೋಗ ಏಕೆ ಬಂತು, ಈ ಸೇತುವೆ ಏಕೆ ಕುಸಿಯಿತು ಎಂದು ಕೇಳುವವನಿಗೆ ಅದನ್ನೇ ಕೊಟ್ಟರೆ ಪ್ರಶ್ನೆಯನ್ನು ಮುಚ್ಚಿದಂತಾಗುತ್ತದೆಯೇ ಹೊರತು ಉತ್ತರಿಸಿದಂತಲ್ಲ.