ಹಸಿರೇ ಸಾಕ್ಷಿ

ನಮ್ಮಲ್ಲಿ ಗಿಡಮರಗಳನ್ನು ಬಿಟ್ಟು ಮದುವೆಯೇ ನಡೆಯುವುದಿಲ್ಲ. ಬಾಗಿಲ ಎರಡೂ ಬದಿಗೆ ಗೊನೆ ಹೊತ್ತ ಬಾಳೆಕಂದು, ಮೇಲೆ ಮಾವಿನ ತೋರಣ, ಚಪ್ಪರಕ್ಕೆ ತೆಂಗಿನ ಗರಿ, ತಾಂಬೂಲಕ್ಕೆ ವೀಳ್ಯದೆಲೆ ಅಡಿಕೆ, ಮೈಗೆ ಅರಿಸಿನ, ಮುಡಿಗೆ ಮಲ್ಲಿಗೆ, ಊಟಕ್ಕೆ ಬಾಳೆಲೆ. ಹಾಲುಗಂಬ ನೆಟ್ಟು ಪೂಜಿಸಿದ ಮೇಲೆಯೇ ಮುಂದಿನ ಶಾಸ್ತ್ರ ಎನ್ನುವ ಮನೆಗಳೂ ಇವೆ. ಎರಡು ಜೀವಗಳು ಒಂದಾಗುವ ಹೊತ್ತಿಗೆ ಹಸಿರು ಎದುರಿಗಿರಬೇಕೆಂದು ಹಿರಿಯರಿಗೆ ಅನ್ನಿಸಿರಬೇಕು. ಆದರೆ ಇಷ್ಟೂ ಹಸಿರು ಕಡಿದು ತಂದದ್ದು. ಮುಹೂರ್ತದ ಹೊತ್ತಿಗೆ ನಳನಳಿಸುತ್ತಿದ್ದ ತೋರಣ ಸಂಜೆಯ ಆರತಕ್ಷತೆಗೆ ಬಾಡಿ ಜೋತುಬಿದ್ದಿರುತ್ತದೆ.

ಹಸಿರನ್ನು ಮದುವೆಗೆ ತರುವ ಬದಲು ಮದುವೆಯೇ ಹಸಿರಿನ ಬಳಿಗೆ ಹೋದರೆ? ಈ ಯೋಚನೆ ನನಗೆ ಬಂದದ್ದು ಲಂಡನ್ನಿನಲ್ಲಿರುವ ತಂಗಿಯ ಮಗಳಿಂದ. "ದೊಡ್ಡಮ್ಮ, ಕ್ಯೂ ಗಾರ್ಡನ್ಸ್‌ನ ಗಾಜಿನ ಮನೆಯಲ್ಲಿ ಮದುವೆ ಮಾಡ್ಕೋಬೇಕು ಅಂತಿದ್ದೀವಿ. ಎರಡೂ ಕಡೆಯಿಂದ ಸೇರಿ ನಲವತ್ತೇ ಜನ. ನೀವೂ ಒಂದು ಸಲ ಜಾಗ ನೋಡಿ ಹೇಳಿ" ಎಂದಳು. ಜಾಗ ನೋಡಲು ಹೋದ ನನಗೆ ಅಲ್ಲಿ ಮದುವೆಯ ಅರ್ಥವೇ ಹೊಸದಾಗಿ ಕಾಣತೊಡಗಿತು.

ಲಂಡನ್ನಿನ ಆ ಸಸ್ಯೋದ್ಯಾನ, ಕ್ಯೂ, ನಮಗೆ ತೀರ ಪರಸ್ಥಳವೇನಲ್ಲ. 1874ರಿಂದ 1908ರವರೆಗೆ ಲಾಲ್‌ಬಾಗನ್ನು ನೋಡಿಕೊಂಡ ಜಾನ್ ಕ್ಯಾಮರಾನ್ ಅಲ್ಲಿಂದಲೇ ಬಂದವರು. ಅವರ ನಂತರದ ಕ್ರುಂಬಿಗಲ್ ಕೂಡ ಭಾರತಕ್ಕೆ ಬರುವ ಮುಂಚೆ ಕ್ಯೂನಲ್ಲಿ ಕೆಲಸ ಮಾಡಿದ್ದರು. 1889ರಲ್ಲಿ ಅಡಿಗಲ್ಲು ಬಿದ್ದ ನಮ್ಮ ಗಾಜಿನ ಮನೆ ಕ್ಯಾಮರಾನ್ ಕಾಲದ್ದು. ಆದರೆ ಗಿಡ ಬದುಕಿಸಲು ಬೆಂಗಳೂರಿನ ಹವೆಗೆ ಗಾಜು ಬೇಕಿಲ್ಲ. ನಾವು ಅದರೊಳಗೆ ಹೂವಿನ ಪ್ರದರ್ಶನ ಏರ್ಪಡಿಸುತ್ತೇವೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುವ ಲಂಡನ್ನಿನಲ್ಲಿ ಗಾಜು ಪ್ರಾಣ ಕಾಯುವ ವಸ್ತು. ಒಂದು ಬಾಗಿಲು ದಾಟಿದರೆ ಸಾಕು, ಹೊರಗಿನ ಕೊರೆವ ಗಾಳಿ ನಿಂತು, ಮಳೆ ಬಿದ್ದ ತೋಟದ ವಾಸನೆ ಮೂಗಿಗೆ ಬರುತ್ತದೆ. ನಮ್ಮ ಹಿತ್ತಲಲ್ಲಿ ಯಾರೂ ತಿರುಗಿ ನೋಡದ ಬಾಳೆ ಅಲ್ಲಿನ ತಾಳೆಮನೆ ಎಂಬ ಗಾಜಿನ ಮನೆಯಲ್ಲಿ ಗಣ್ಯ ಅತಿಥಿ.

ಅಲ್ಲಿನ ದೊಡ್ಡ ಗಾಜಿನ ಮನೆ ಟೆಂಪರೇಟ್ ಹೌಸ್. ವಾಸ್ತುಶಿಲ್ಪಿ ಡೆಸಿಮಸ್ ಬರ್ಟನ್. 1860ರಲ್ಲಿ ಕಟ್ಟಲು ತೊಡಗಿ, 1863ರಲ್ಲಿ ಒಂದು ಭಾಗ ತೆರೆದು, ದುಡ್ಡಿಲ್ಲದೆ ನಿಂತು, 1899ರಲ್ಲಿ ಪೂರ್ತಿಯಾಯಿತು. ಮತ್ತೆ 2013ರಿಂದ 2018ರವರೆಗೆ ಐದು ವರ್ಷ ಮುಚ್ಚಿ, 15,000 ಗಾಜುಗಳನ್ನು ಬದಲಾಯಿಸಿ ಜೀರ್ಣೋದ್ಧಾರ ಮಾಡಿದರು. ಒಳಗೆ 1,500 ಜಾತಿಯ ಸುಮಾರು 10,000 ಗಿಡಗಳಿವೆ. ಅವುಗಳಲ್ಲಿ ಒಂದರ ಮುಂದೆ ನಾನು ಬಹಳ ಹೊತ್ತು ನಿಂತೆ.

ಅದು ಎನ್ಸೆಫಲಾರ್ಟಸ್ ವುಡಿ ಎಂಬ ಸೈಕಾಡ್. ನೋಡಲು ಗಿಡ್ಡ ತಾಳೆಯಂತಿದ್ದರೂ ತಾಳೆಗೂ ಅದಕ್ಕೂ ನಂಟಿಲ್ಲ. ಭೂಮಿಯ ಮೇಲೆ ಮೊದಲ ಹೂವು ಅರಳಿ ಸುಮಾರು 13 ಕೋಟಿ ವರ್ಷಗಳಾಗಿರಬಹುದು. ಸೈಕಾಡ್‌ಗಳ ವಂಶ ಅದಕ್ಕೂ ಎಷ್ಟೋ ಹಿಂದಿನದು. ಹೂವೆಂಬುದೇ ಇಲ್ಲದ ಕಾಲದಲ್ಲಿ ಹುಟ್ಟಿ, ಹೂವಿಲ್ಲದೆಯೇ ಬೀಜ ಕಟ್ಟಲು ಕಲಿತ ವಂಶ. ಇವುಗಳಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. 1895ರಲ್ಲಿ ಜಾನ್ ಮೆಡ್ಲಿ ವುಡ್ ಎಂಬ ಸಸ್ಯಶಾಸ್ತ್ರಜ್ಞರು ದಕ್ಷಿಣ ಆಫ್ರಿಕಾದ ನ್ಗೋಯೆ ಕಾಡಿನಲ್ಲಿ ಈ ಜಾತಿಯ ಒಂದೇ ಒಂದು ಗಿಡ ಕಂಡರು. ಅದು ಗಂಡು. ಅದರ ಒಂದು ಕಾಂಡ 1899ರಲ್ಲಿ ಕ್ಯೂಗೆ ಬಂತು. ಲೋಕದ ಯಾವ ಮೂಲೆಯಲ್ಲಿ ಈ ಜಾತಿಯ ಗಿಡವಿದ್ದರೂ ಅದು ಆ ಒಂದೇ ಗಂಡಿನ ಕವಲು. ಹೆಣ್ಣು ಇವತ್ತಿಗೂ ಸಿಕ್ಕಿಲ್ಲ. ಈಚಿನ ವರ್ಷಗಳಲ್ಲಿ ಆ ಕಾಡಿನ ಮೇಲೆ ಡ್ರೋನ್ ಹಾರಿಸಿಯೂ ಹುಡುಕುತ್ತಿದ್ದಾರೆ.

ಅರಳಿ ಬೇವುಗಳನ್ನು ಒಂದೇ ಕಟ್ಟೆಯಲ್ಲಿ ನೆಟ್ಟು, ಬಾಸಿಂಗ ಕಟ್ಟಿ, ವಾಲಗ ಊದಿಸಿ ಮದುವೆ ಮಾಡಿಸಿದ ಜನ ನಾವು. ಆ ಒಂಟಿ ಗಿಡದ ಮುಂದೆ ನಿಂತಾಗ ನನ್ನ ಕಣ್ಣಿಗೆ ಕಂಡದ್ದು ಇನ್ನೂ ಹೆಣ್ಣು ಗೊತ್ತಾಗದ ಒಬ್ಬ ವರ. ಬದುಕಲು ಬೇಕಾದ ಬಿಸಿ, ನೀರು, ಆರೈಕೆ ಎಲ್ಲವನ್ನೂ ಮನುಷ್ಯರು ಅದಕ್ಕೆ ಒದಗಿಸಿದ್ದಾರೆ. ಒಂದು ಜೊತೆಯನ್ನು ಮಾತ್ರ ಒದಗಿಸಲು ಆಗಿಲ್ಲ. ಆಗ ಹೊಳೆಯಿತು: ಹಾಸನದಲ್ಲಿ ಹುಟ್ಟಿದ ಹುಡುಗಿಗೆ ಲಂಡನ್ನಿನಲ್ಲಿ ಒಬ್ಬ ಹುಡುಗ ಸಿಕ್ಕಿ, ಅವನಿಗೂ ಇವಳು ಬೇಕೆನಿಸಿ, ಇಬ್ಬರೂ ಒಂದೇ ಕಾಲದಲ್ಲಿ ಒಂದೇ ಊರಿನಲ್ಲಿ ಇದ್ದದ್ದು ಎಂಥ ಸೋಜಿಗ! ಜಾತಕ, ಕೆಲಸ, ಸಂಬಳ, ಛತ್ರದ ಬಾಡಿಗೆ, ಒಡವೆಯ ಲೆಕ್ಕದಲ್ಲಿ ಈ ಸೋಜಿಗವನ್ನು ನಾವು ನೆನೆಯುವುದೇ ಇಲ್ಲ. ಮದುವೆ ಆಗುವುದು ಸಹಜ ಎಂದುಕೊಂಡಿದ್ದೇವೆ. ಸಿಗುವುದು ಸಹಜವಲ್ಲವೆಂದು ಆ ಗಿಡ ನೂರು ವರ್ಷಕ್ಕೂ ಮೀರಿ ನಿಂತು ಹೇಳುತ್ತಿದೆ.

ಕಾಯುವುದನ್ನು ಕಲಿಸುವ ಇನ್ನೊಂದು ಹಿರಿಯ ಜೀವ ಅಲ್ಲಿನ ತಾಳೆಮನೆಯಲ್ಲಿದೆ. ಅದೂ ಸೈಕಾಡೇ. ಕ್ಯೂನ ಗಿಡಸಂಗ್ರಾಹಕ ಫ್ರಾನ್ಸಿಸ್ ಮ್ಯಾಸನ್ 1775ರಲ್ಲಿ ದಕ್ಷಿಣ ಆಫ್ರಿಕಾದಿಂದ ತಂದದ್ದು. ಕುಂಡದಲ್ಲಿ ಬದುಕಿರುವ ಗಿಡಗಳಲ್ಲಿ ಜಗತ್ತಿಗೇ ಹಿರಿಯದೆಂದು ಹೆಸರಾದದ್ದು. ಕ್ಯೂಗೆ ಬಂದ ಮೇಲೆ ಅದು ಕಾಯಿಯಂಥ ಶಂಕು ಬಿಟ್ಟದ್ದು ಒಮ್ಮೆ ಮಾತ್ರ, 1819ರಲ್ಲಿ. ಮುಪ್ಪಿನ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್ ಅದನ್ನು ನೋಡಲೆಂದೇ ಬಂದಿದ್ದರು. ಪ್ರಪಂಚ ಸುತ್ತಿದ್ದ ಮನುಷ್ಯ ಕೊನೆಗಾಲದಲ್ಲಿ ಒಂದು ಗಿಡದ ಶಂಕು ನೋಡಲು ಅಷ್ಟು ಆಸೆಪಟ್ಟದ್ದು ನೆನೆದರೆ, ಬೆರಗಿಗೆ ವಯಸ್ಸಿಲ್ಲವೆಂದು ಧೈರ್ಯ ಬರುತ್ತದೆ.

ಬೇಸಿಗೆಯಾದರೆ ಅಮೆಜಾನಿನ ದೈತ್ಯ ನೈದಿಲೆಯ ಹೂವನ್ನೂ ನೋಡಬಹುದು. ಮೊದಲ ಸಂಜೆ ಅದು ಬಿಳಿಯಾಗಿ ಅರಳುತ್ತದೆ, ಘಮಘಮಿಸುತ್ತದೆ, ತಾನೇ ಬಿಸಿಯಾಗಿ ದುಂಬಿಗಳನ್ನು ಕರೆಯುತ್ತದೆ. ಆಗ ಅದು ಹೆಣ್ಣು. ತವರಿನ ಕೊಳಗಳಲ್ಲಾದರೆ ರಾತ್ರಿ ದುಂಬಿಯನ್ನು ಒಳಗಿಟ್ಟುಕೊಂಡು ಮುಚ್ಚಿಕೊಂಡ ಹೂವು ಮರುದಿನ ಸಂಜೆ ನಸುಗೆಂಪಾಗಿ, ಗಂಡಾಗಿ ಬಿಚ್ಚಿಕೊಳ್ಳುತ್ತದೆ. ಪರಾಗ ಅಂಟಿಸಿಕೊಂಡ ದುಂಬಿ ಮತ್ತೊಂದು ಬಿಳಿ ಹೂವಿನ ಕಡೆ ಹಾರುತ್ತದೆ. ಎರಡು ಸಂಜೆಗಳಲ್ಲಿ ಮುಗಿಯುವ ಈ ಕೂಡಾಟಕ್ಕೆ ಪ್ರಕೃತಿ ಮಾಡಿಕೊಂಡ ಸಿದ್ಧತೆ ನೋಡಿದರೆ, ನಮ್ಮ ತಿಂಗಳುಗಟ್ಟಲೆ ಓಡಾಟವೂ ಅದೇ ಮೂಲ ಆಸೆಯ ಇನ್ನೊಂದು ರೂಪವೆನಿಸುತ್ತದೆ.

ಇಂಥ ಜಾಗದಲ್ಲಿ ಮದುವೆ ಎಂದರೆ ಕಟ್ಟುಪಾಡುಗಳು ಇದ್ದೇ ಇರುತ್ತವೆ. ಇಂಗ್ಲೆಂಡಿನ ಕಾನೂನಿನಂತೆ ರಿಜಿಸ್ಟ್ರಾರ್ ಮುಂದೆ ನಡೆಯುವ ವಿಧಿಯಲ್ಲಿ ಮಂತ್ರ, ಪ್ರಾರ್ಥನೆ ಸೇರಿಸುವಂತಿಲ್ಲ. ಹಾಗಾಗಿ ಧಾರೆಯನ್ನು ಹಿಂದಿನ ದಿನ ಮನೆಯಲ್ಲೇ ಮುಗಿಸಬೇಕು. ಗಾಜಿನ ಮನೆಗಳಲ್ಲಿ ಬೆಂಕಿ ಉರಿಸಲು, ಅಕ್ಕಿಕಾಳು ಎರಚಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೊರಗಿನ ಹೂವಿನ ಜೊತೆ ಬಿಳಿನೊಣವೋ ಹಿಟ್ಟುತಿಗಣೆಯೋ ಒಳಸೇರಿದರೆ ಅಪರೂಪದ ಗಿಡಗಳಿಗೆ ಕುತ್ತು. ಇವನ್ನೆಲ್ಲ ಕೇಳಿ ತಂಗಿ ಮೊದಲು ನೊಂದಳು. ನನಗೆ ಮಾತ್ರ ಇವು ಕೊರತೆಗಳೆನಿಸಲಿಲ್ಲ. ಆ ಮನೆಯ ಯಜಮಾನರು ಗಿಡಗಳು, ನಾವು ಬಂದುಹೋಗುವ ನೆಂಟರು. ಹೋದ ಮನೆಯ ನಡೆನುಡಿಗೆ ತಕ್ಕಂತೆ ನಡೆಯುವುದು ಮರ್ಯಾದೆ. ಕಾನೂನು ಕೇಳುವುದು ಇಬ್ಬರು ಸಾಕ್ಷಿಗಳ ಸಹಿ. ಅಗ್ನಿಯನ್ನು ಸಾಕ್ಷಿಯಾಗಿ ಕರೆದವರು ನಾವು. ಅಗ್ನಿ ಇಲ್ಲದ ಕಡೆ, ಹೂವಿಗಿಂತ ಹಳೆಯ ವಂಶದ ಒಂದು ಗಿಡ ಸಾಕ್ಷಿಯಾಗಿ ನಿಂತರೆ ಅದೂ ದೊಡ್ಡದೇ.

ನಲವತ್ತೇ ಜನ ಏಕೆ ಎಂಬುದೂ ನನಗೆ ಅಲ್ಲಿಯೇ ತಿಳಿಯಿತು. ಸಾವಿರ ಜನ ಸೇರಿದ ಕಡೆ ಸಂಭ್ರಮವಿರುತ್ತದೆ, ಅದರ ಬೆಲೆ ನನಗೆ ಗೊತ್ತು. ಆದರೆ ಅಲ್ಲಿ ವಧುವರರು ಸಾಲುಗಟ್ಟಿದ ನೆಂಟರಿಗೆ ಕೈಮುಗಿಯುತ್ತಾ ನಿಲ್ಲಬೇಕು. ಒಬ್ಬರ ಮುಖ ಒಬ್ಬರು ನೋಡಲು ಪುರುಸೊತ್ತಿರುವುದಿಲ್ಲ. ಬೆರಗಾಗಲು ಜಾಗ ಬೇಕು, ಸಮಯ ಬೇಕು. ಆದ್ದರಿಂದ ಅವಳಿಗೆ ನಾನು ಕೊಟ್ಟ ಸಲಹೆ ಒಂದೇ: "ಊಟಕ್ಕೂ ಫೋಟೋಕ್ಕೂ ಗಂಟೆ ಹಾಕಿದ ಹಾಗೆ, ಸುಮ್ಮನೆ ಸುತ್ತಾಡೋದಕ್ಕೂ ಒಂದು ಗಂಟೆ ಇಡಮ್ಮ. ಬಂದವರನ್ನೆಲ್ಲ ಆ ಒಂಟಿ ಗಿಡದ ಹತ್ತಿರ ಕರ್ಕೊಂಡು ಹೋಗಿ ಅದರ ಕಥೆ ಹೇಳು."

ಮದುವೆ ಗೊತ್ತುಮಾಡುತ್ತಿರುವ ಎಲ್ಲರಿಗೂ ನನ್ನ ಮಾತು ಇದೇ. ಇದಕ್ಕಾಗಿ ಲಂಡನ್ನಿಗೆ ಹೋಗಬೇಕಿಲ್ಲ. ಅಜ್ಜನ ತೋಟವಿರಬಹುದು, ಊರಿನ ಅರಳಿಕಟ್ಟೆಯಿರಬಹುದು, ಮನೆಯ ಹಿತ್ತಲಿನ ಹಳೆಯ ಹಲಸಿನ ಮರವಿರಬಹುದು. ಕರೆಯುವವರ ಪಟ್ಟಿಯನ್ನು ಸ್ವಲ್ಪ ಚಿಕ್ಕದು ಮಾಡಿ. ಕಡಿದು ತಂದ ಹಸಿರಿನ ಜೊತೆಗೆ ಬೇರುಬಿಟ್ಟು ನಿಂತ ಹಸಿರಿಗೂ ಒಂದು ಕರೆ ಕೊಡಿ. ಮಕ್ಕಳಿಬ್ಬರನ್ನು ಅದರ ಮುಂದೆ ನಿಲ್ಲಿಸಿ, ಇಷ್ಟು ದೊಡ್ಡ ಲೋಕದಲ್ಲಿ ಒಬ್ಬರಿಗೊಬ್ಬರು ಸಿಕ್ಕಿದ್ದು ಎಷ್ಟು ಅಪರೂಪವೆಂದು ಅವರಿಗೆ ತಿಳಿಯಹೇಳಿ.